ತಲೆಯೊಳಗಿನ ಗಂಟು ಮತ್ತು ತಾಯ್ತನ

ಸೊಸೆಯ ಮಿದುಳಿನಲ್ಲಿ ರಕ್ತನಾಳಗಳ ಗಂಟೊಂದಿದೆಯೆಂದು ವೈದ್ಯರು ತಿಳಿಸಿದೊಡನೆ ಮನೆಯ ಹಿರಿಯರಲ್ಲಿ ಏಳುವ ಮೊದಲ ಪ್ರಶ್ನೆ, ಈಕೆಗೆ ಮಕ್ಕಳಾಗಬಹುದೇ ಎಂಬುದು. ಆಗಬಹುದು. ಇಂತಹ ಸ್ತ್ರೀಯರಲ್ಲಿ ಹೆಚ್ಚಿನವರ ಬಸುರು-ಬಾಣಂತನಗಳು ಸುಸೂತ್ರವಾಗಿಯೇ ಮುಗಿದಿವೆ. ಆದರೆ ಈ ಉತ್ತರವನ್ನು ಅರಿತು ಹೇಳಬೇಕಾದುದರಿಂದ ಈ ತಿಂಗಳು ಇದನ್ನೇ ವಿವರಿಸುತ್ತೇವೆ.

ರಕ್ತವು ಅಪಧಮನಿಗಳಲ್ಲಿ ರಭಸದಿಂದ ಹರಿದು, ಕೂದಲೆಳೆಗಿಂತ ಸೂಕ್ಷ್ಮವಾದ ಲೋಮನಾಳಗಳಲ್ಲಿ ವೇಗ ತಗ್ಗಿ, ಅನಂತರ ಅಭಿಧಮನಿಗಳ ಮೂಲಕ ಹೃದಯಕ್ಕೆ ಮರಳುವುದು ಸಹಜ ಕ್ರಮ. ಕೆಲವರ ಮಿದುಳಿನ ಒಂದು ಭಾಗದಲ್ಲಿ ನಡುವಣ ಲೋಮನಾಳಗಳೇ ಇಲ್ಲದೆ, ಅಪಧಮನಿಗಳು ನೇರವಾಗಿ ಅಭಿಧಮನಿಗಳನ್ನು ಕೂಡಿ ಗಂಟಾಗಿರುತ್ತವೆ. ತೂಬಿಲ್ಲದ ಕೆರೆಯ ನೀರು ಕಾಲುವೆಗೆ ನುಗ್ಗಿದಂತೆ, ಅಭಿಧಮನಿಯ ತೆಳುಗೋಡೆಯ ಮೇಲೆ ಆ ರಭಸವೆಲ್ಲ ಬೀಳುತ್ತದೆ. ವರುಷಕ್ಕೆ ನೂರರಲ್ಲಿ ಸುಮಾರು 2ರಿಂದ 4 ಮಂದಿಗೆ ಅದು ಒಡೆದು ರಕ್ತಸ್ರಾವವಾಗುತ್ತದೆ. ಇದನ್ನು ಹೆಣ್ಣಿನ ಕಾಲ್ಗುಣಕ್ಕೆ ಗಂಟುಹಾಕುವವರಿಗೆ ನಮ್ಮಲ್ಲಿ ಉತ್ತರವಿಲ್ಲ.

ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣವು ಶೇಕಡ 40ಕ್ಕೂ ಮಿಗಿಲಾಗಿ ಏರುತ್ತದೆ. ಹಾಗಾದರೆ ಗಂಟು ಒಡೆಯುವ ಭಯವೂ ಏರುವುದೇ? ಇಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಅಮೆರಿಕದಲ್ಲಿ 451 ಸ್ತ್ರೀಯರನ್ನು ಕುರಿತು 1990ರಲ್ಲಿ ಪ್ರಕಟವಾದ ಅಧ್ಯಯನವು ಬಸಿರಿನಿಂದ ಅಪಾಯ ಹೆಚ್ಚದೆಂದಿತು. ಅಲ್ಲಿಯದೇ ಆದ, 54 ಸ್ತ್ರೀಯರನ್ನು ಕುರಿತ 2012ರ ಅಧ್ಯಯನವು ಹಲವು ಪಟ್ಟು ಹೆಚ್ಚುವುದೆಂದಿತು. ಅದರಲ್ಲಿಯೂ 62 ಬಸಿರುಗಳಲ್ಲಿ ರಕ್ತಸ್ರಾವವಾದುದು 5ರಲ್ಲಿ. ಆದುದರಿಂದ ಏನೂ ಆಗದೆನ್ನುವ ನೆಂಟರ ಮಾತೂ ಬೇಡ, ಹೆತ್ತರೆ ಉಳಿಯಳೆನ್ನುವವರ ಮಾತೂ ಬೇಡ. ಗಂಟಿನ ಗಾತ್ರವೆಷ್ಟು, ಎಲ್ಲಿದೆ, ಹಿಂದೆ ಒಡೆದಿತ್ತೇ ಎಂಬುದನ್ನು ನರಶಸ್ತ್ರಚಿಕಿತ್ಸಕರು ನೋಡಿ ಹೇಳಲಿ. ಅವರ ಮುಂದೆ ಕುಳಿತು ಕೇಳಿ ನಿರ್ಧರಿಸಬೇಕಾದವಳು ಆ ಹೆಣ್ಣುಮಗಳು. ಅತ್ತೆ-ಮಾವಂದಿರು ಹೊರಗೆ ಕುಳಿತಿರಲಿ.

ಈ ಸಮಾಲೋಚನೆ ಬಸಿರಿಗೆ ಮುನ್ನವೇ ನಡೆಯಬೇಕು. ವಿಕಿರಣ ಚಿಕಿತ್ಸೆ ಪಡೆದರೆ ಗಂಟು ಮುಚ್ಚಿಕೊಳ್ಳಲು ಎರಡು ಮೂರು ವರುಷ ಹಿಡಿಯುತ್ತದೆ. ಅಲ್ಲಿಯವರೆಗೂ ಅಪಾಯವಿದ್ದೇ ಇರುತ್ತದೆ. ಗಂಟಿನಿಂದ ಫಿಟ್ಸ್ ಬರುವವರು ಮಾತ್ರೆ ನುಂಗುತ್ತಿರುವುದುಂಟು. ಅವುಗಳಲ್ಲಿ ವಾಲ್‌ಪ್ರೊಯೇಟ್ ಎಂಬುದು ಶಿಶುವಿನ ಅಂಗರಚನೆಗೂ ಬುದ್ಧಿಗೂ ಕೇಡು ಮಾಡಬಲ್ಲದು. ಹಾಗೆಂದು ತಾನಾಗಿಯೇ ನಿಲ್ಲಿಸಿದರೆ ಫಿಟ್ಸ್ ಮರುಕಳಿಸಿ ತಾಯಿ-ಮಗು ಇಬ್ಬರಿಗೂ ಗಂಡಾಂತರ. ಬದಲಿ ಮಾತ್ರೆಯನ್ನು ವೈದ್ಯರೇ ಕೊಡಬೇಕು.

ಇಂತಹವರಿಗೆಲ್ಲ ಹೊಟ್ಟೆ ಕೊಯ್ದೇ ಮಗುವನ್ನು ತೆಗೆಯಬೇಕೆಂಬ ನಂಬಿಕೆಯಿದೆ. ಸಿಸೇರಿಯನ್ನಿನಿಂದ ರಕ್ಷಣೆ ಹೆಚ್ಚೆಂಬುದು ಸಿದ್ಧವಾಗಿಲ್ಲ. ಬೆನ್ನಿಗೆ ನೋವು ನಿವಾರಕ ಕೊಟ್ಟು, ಕೊನೆಯಲ್ಲಿ ಮುಕ್ಕುವ ಶ್ರಮವನ್ನು ಉಪಕರಣದಿಂದ ತಗ್ಗಿಸಿ ಸಹಜವಾಗಿ ಹೆರಿಗೆ ಮಾಡಿಸುವುದೂ ಉಂಟು.

ಗರ್ಭಿಣಿಗೆ ಥಟ್ಟನೆ ಸಿಡಿದಂತೆ ತಲೆನೋವು ಬಂದರೆ, ಜೊತೆಗೆ ವಾಂತಿ, ಫಿಟ್ಸ್, ಮಾತಿನ ತೊದಲಿಕೆ, ಒಂದು ಪಕ್ಕದ ನಿಶ್ಶಕ್ತಿ ಕಂಡರೆ, ಪಿತ್ತವೆಂದೋ ದೃಷ್ಟಿಯೆಂದೋ ಗಳಿಗೆಯನ್ನೂ ಕಳೆಯಬಾರದು. ಸ್ಕ್ಯಾನಿನಿಂದ ಮಗುವಿಗೆ ಕೇಡೆಂದು ತಡೆಯುವವರಿದ್ದಾರೆ, ತಲೆಯ ಸಿ.ಟಿ. ಸ್ಕ್ಯಾನಿನಲ್ಲಿ ಗರ್ಭಕ್ಕೆ ತಲಪುವ ವಿಕಿರಣ ಅತ್ಯಲ್ಪ. ತಾಯಿ ಉಳಿದರಲ್ಲವೇ ಮಗು?

ಇನ್ನೊಂದು ಮಾತು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮ ವಾಡಿಕೆ. ಸೀರೆ-ಕುಪ್ಪಸ, ಬುತ್ತಿಗಳೆಲ್ಲ ಗಾಡಿಯೇರುತ್ತವೆ. ಸ್ಕ್ಯಾನಿನ ಕಾಗದಗಳು ಮಾತ್ರ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತವೆ. ಅವು ಆಕೆಯ ಜೊತೆಗಿರಲಿ. ತವರಿನ ಸಮೀಪದಲ್ಲಿ ನರಶಸ್ತ್ರಚಿಕಿತ್ಸೆಯುಳ್ಳ ಆಸ್ಪತ್ರೆಯಿಲ್ಲದಿದ್ದರೆ, ಈ ಒಂದು ಹೆರಿಗೆಗೆ ತವರಿನವರೇ ಅಂಥ ಆಸ್ಪತ್ರೆಯಿರುವ ಊರಿಗೆ ಬಂದು ಬಾಣಂತನ ಮಾಡಲಿ.