ಕಡ್ಡಿ ಗೊಂಬೆಗಳ ಮಹಾಕಥೆ

ಬಾಗಲಕೋಟೆ ಇರಲಿ, ಹುನಗುಂದ ಇರಲಿ, ನಾಲ್ಕು ಜನ ಪಾಲಕರು ಒಂದೆಡೆ ಸೇರಿದರೆ ಮಾತು ಮಕ್ಕಳ ಮೊಬೈಲಿಗೇ ಬಂದು ನಿಲ್ಲುತ್ತದೆ. ‘ಪುಸ್ತಕ ಹಿಡಿ ಅಂದ್ರ ಮೊಬೈಲ್ ಹಿಡೀತಾನ್ರೀ’ ಎಂಬುದು ಮನೆಮನೆಯ ದೂರು. ದೂರಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಮೊಬೈಲ್ ಹಿಡಿದ ಮಕ್ಕಳೆಲ್ಲ ಆಟವನ್ನೇ ಆಡುತ್ತಿರುವುದಿಲ್ಲ. ಕೆಲವರು ಓದುತ್ತಿರುತ್ತಾರೆ. ಅವರು ಓದುವುದು ಅಂತರಜಾಲದಲ್ಲಿ ಕಂತು ಕಂತಾಗಿ ಬರುವ ಚಿತ್ರಕಥೆಗಳನ್ನು. ರಾಕ್ಷಸರು, ಮಾಂತ್ರಿಕರು, ವೀರರು ತುಂಬಿರುವ, ವರ್ಷಗಟ್ಟಲೆ ನಡೆಯುವ ಕಥೆಗಳನ್ನು. ಅವುಗಳನ್ನು ಕಸಿದುಕೊಳ್ಳುವ ಮುನ್ನ ಅವುಗಳಲ್ಲಿ ಅಂಥದ್ದೇನಿದೆ ಎಂದು ನೋಡುವುದು ಒಳ್ಳೆಯದು.

ಒಂದು ಉದಾಹರಣೆ ಸಾಕು. ‘ದಿ ಆರ್ಡರ್ ಆಫ್ ದಿ ಸ್ಟಿಕ್’ ಎಂಬ ಇಂಗ್ಲಿಷ್ ಚಿತ್ರಕಥೆಯನ್ನು ಅಮೆರಿಕದ ರಿಚ್ ಬರ್ಲ್ಯೂ 2003ರಲ್ಲಿ ಆರಂಭಿಸಿದರು. ಬರೆಯುವವರೂ ಅವರೇ, ಚಿತ್ರಿಸುವವರೂ ಅವರೇ, ಪ್ರಕಟಿಸುವವರೂ ಅವರೇ. ಈವರೆಗೆ 1,300ಕ್ಕೂ ಹೆಚ್ಚು ಕಂತುಗಳು ಬಂದಿವೆ. ಅಂತರಜಾಲದಲ್ಲಿ ಅದನ್ನು ಓದಲು ಕಾಸು ಕೊಡಬೇಕಿಲ್ಲ. ಚಿತ್ರಗಳೋ, ಶಾಲೆಯ ಮಕ್ಕಳು ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಚುವಂಥವು. ದುಂಡನೆಯ ತಲೆ, ಕಡ್ಡಿಯಂಥ ಕೈಕಾಲು, ಅಷ್ಟೇ. ಇಷ್ಟಾದರೂ ಓದುಗರು ಎರಡು ದಶಕಗಳಿಂದ ಮುಂದಿನ ಕಂತಿಗೆ ಕಾಯುತ್ತಲೇ ಬಂದಿದ್ದಾರೆ. ಹಾಗಾದರೆ ಅವರನ್ನು ಹಿಡಿದಿಟ್ಟಿರುವುದು ಚಿತ್ರದ ಬೆಡಗಲ್ಲ, ಕಥೆ.

ಆ ಕಥೆ ಇಳಕಲ್ಲಿನ ನೇಕಾರರ ಮನೆಯವರಿಗೆ ಬೇಗ ತಿಳಿಯುತ್ತದೆ. ದೇವತೆಗಳೆಲ್ಲ ಸೇರಿ ಜಗತ್ತನ್ನು ಎಳೆ ಎಳೆಯಾಗಿ ನೇಯತೊಡಗಿದರಂತೆ. ನಡುವೆ ಅವರವರಲ್ಲೇ ಜಗಳ ಹುಟ್ಟಿತು. ಒಬ್ಬರು ಅತ್ತ, ಒಬ್ಬರು ಇತ್ತ ಎಳೆದಾಡಿದ್ದರಿಂದ ಎಳೆಗಳು ಸಿಕ್ಕಾದವು. ಆ ಸಿಕ್ಕೇ ಜೀವ ತಳೆದು, ನೇಯ್ದ ಜಗತ್ತನ್ನೂ ಹಲವು ದೇವತೆಗಳನ್ನೂ ನಾಶಮಾಡಿತು. ಉಳಿದ ದೇವತೆಗಳು ಎರಡನೆಯ ಜಗತ್ತನ್ನು ಒಮ್ಮತದಿಂದ ನೇಯ್ದು, ಸಿಕ್ಕನ್ನು ಅದರೊಳಗೇ ಬಂಧಿಸಿಟ್ಟರು. ಆದರೂ ಅಲ್ಲಲ್ಲಿ ಬಿರುಕು ಬಿಟ್ಟಿತು. ಬಿರುಕುಗಳಿಗೆ ಹಾಕಿದ ಐದು ಬಾಗಿಲುಗಳನ್ನು ಒಬ್ಬ ದುಷ್ಟ ಮಾಂತ್ರಿಕ ವಶಪಡಿಸಿಕೊಳ್ಳಲು ಹೊರಟಿದ್ದಾನೆ. ಅವನನ್ನು ತಡೆಯುವವರು ಆರು ಜನರ ಒಂದು ತಂಡ. ಆ ದುಷ್ಟನನ್ನು ಕೊಂದರೂ ಸಾಯುವುದಿಲ್ಲ. ಅವನ ಪ್ರಾಣ ಬೇರೊಂದು ವಸ್ತುವಿನಲ್ಲಿದೆ. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಾಕ್ಷಸನ ಪ್ರಾಣವಿಟ್ಟ ಕಥೆಯನ್ನು ಅಜ್ಜಿಯ ಬಾಯಲ್ಲಿ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆ ಮೊದಲು ಬರೀ ನಗೆಚಾಟಿಕೆಯಾಗಿತ್ತು. ಒಂದು ಪುಟ, ಒಂದು ನಗೆ. ನಗುತ್ತ ನಗುತ್ತ ಓದುಗನಿಗೆ ಪಾತ್ರಗಳ ಸಲಿಗೆ ಬೆಳೆಯಿತು. ಆಮೇಲೆ ಕಥೆ ಗಂಭೀರವಾಯಿತು. ಈ ಭಾಗದ ಶ್ರೀಕೃಷ್ಣ ಪಾರಿಜಾತ ಆಟವನ್ನು ನೋಡಿದವರಿಗೆ ಈ ಜಾಣ್ಮೆ ಗೊತ್ತು. ದೂತಿಯ ಚೇಷ್ಟೆಗೆ ನಕ್ಕ ಜನರೇ ಸತ್ಯಭಾಮೆಯ ಅಳಲಿಗೆ ಮೌನವಾಗುತ್ತಾರೆ.

ಚಿತ್ರಕಥೆಯಲ್ಲಿ ಮಂತ್ರವಿದ್ಯೆ ಬಲ್ಲ ಪಾತ್ರವೊಂದಿದೆ. ತನ್ನ ಕುಟುಂಬಕ್ಕೆ ಅಪಾಯ ಬಂದಾಗ ಅದು ಕೆಟ್ಟ ಶಕ್ತಿಗಳಿಂದ ಬಲವನ್ನು ಕಡ ತರುತ್ತದೆ. ಶತ್ರುವನ್ನಷ್ಟೇ ಕೊಂದು ನಿಲ್ಲುವುದಿಲ್ಲ, ಸಿಟ್ಟಿನ ಭರದಲ್ಲಿ ಶತ್ರುವಿನ ವಂಶವನ್ನೇ ಅಳಿಸುತ್ತದೆ. ಓದುಗನಿಗೂ ಆ ಹೊತ್ತಿಗೆ ಅದು ಗೆಲುವೆನಿಸುತ್ತದೆ. ಆ ವಂಶದೊಡನೆ ರಕ್ತಸಂಬಂಧವಿದ್ದ ಎಷ್ಟೋ ನಿರಪರಾಧಿಗಳೂ ಸತ್ತರೆಂಬ ಸಂಗತಿ ಕಂತುಗಳು ವರ್ಷಗಟ್ಟಲೆ ಸಾಗಿದ ಮೇಲೆ ತಿಳಿಯುತ್ತದೆ. ಅಂದು ಚಪ್ಪಾಳೆ ಹೊಡೆದಿದ್ದ ಓದುಗ ಇಂದು ತಲೆ ತಗ್ಗಿಸಬೇಕು. ಒಂದೇ ಸಂಜೆಗೆ ಮುಗಿಯುವ ಕಥೆಯಲ್ಲಿ ಈ ಪಾಠಕ್ಕೆ ಇಷ್ಟು ಬಲ ಬರಲಾರದು. ಮಾಡಿದ ಕೆಲಸದ ಫಲ ತಡವಾಗಿ ಬರುತ್ತದೆ ಎಂಬುದನ್ನು ಓದುಗನೂ ತಡವಾಗಿಯೇ ತಿಳಿಯುತ್ತಾನೆ. ಇಂಥ ದೀರ್ಘ ಕಥೆಯ ನಿಜವಾದ ಆಕರ್ಷಣೆ ಇಲ್ಲಿದೆ. ಓದುಗ ಪಾತ್ರಗಳ ಜೊತೆಗೇ ಬೆಳೆಯುತ್ತಾನೆ.

ಚಿತ್ರಗಳಲ್ಲಿ ಕಥೆ ಹೇಳುವುದು ಹೊರಗಿನಿಂದ ಬಂದ ಚಟವೇನಲ್ಲ. ಬಾದಾಮಿಯ ಮೂರನೆಯ ಗುಹೆ ಕ್ರಿ.ಶ. 578ರಷ್ಟು ಹಳೆಯದು. ಎಲ್ಲರೂ ಅಲ್ಲಿಯ ದೊಡ್ಡ ಮೂರ್ತಿಗಳನ್ನು ನೋಡಿ ಬರುತ್ತಾರೆ. ಕತ್ತೆತ್ತಿ ತೊಲೆಗಳ ಮೇಲಿನ ಸಣ್ಣ ಉಬ್ಬುಶಿಲ್ಪಗಳನ್ನು ನೋಡಿದರೆ ಸಮುದ್ರಮಥನದಂಥ ಪುರಾಣ ಕಥೆಗಳು ಸಾಲಾಗಿ ಕಾಣುತ್ತವೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲೆ ರಾಮಾಯಣ, ಮಹಾಭಾರತದ ಪ್ರಸಂಗಗಳು ಪಟ್ಟಿ ಪಟ್ಟಿಯಾಗಿವೆ. ಪಾಪನಾಥ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ ಸಾಗುತ್ತದೆ. ಒಂದು ಶಿಲ್ಪಕ್ಕೂ ಇನ್ನೊಂದಕ್ಕೂ ನಡುವೆ ಏನು ನಡೆಯಿತೆಂದು ಕಲ್ಲು ಹೇಳುವುದಿಲ್ಲ. ಅದನ್ನು ನೋಡುವವನೇ ತುಂಬಿಕೊಳ್ಳಬೇಕು. ಚಿತ್ರಕಥೆಯ ಎರಡು ಚೌಕಗಳ ನಡುವಿನ ಜಾಗದಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಸಿನಿಮಾ ತಾನಾಗಿ ಓಡುತ್ತದೆ. ಚಿತ್ರಕಥೆಯನ್ನು ಓದುಗನ ಮನಸ್ಸು ಓಡಿಸಬೇಕು. ಆದ್ದರಿಂದ ಅದು ಸೋಮಾರಿಯ ಓದಲ್ಲ.

ಇನ್ನು ಖರ್ಚಿನ ಮಾತು. ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಚಾಲುಕ್ಯ ರಾಣಿ ಲೋಕಮಹಾದೇವಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥಾ ಮಾಲಿಕೆಯನ್ನು ಆರಂಭಿಸಿದಾಗ ಬೆನ್ನಿಗೊಬ್ಬ ಪ್ರಕಾಶಕರಿದ್ದರು. ಸ್ವತಂತ್ರವಾಗಿ ಪ್ರಕಟಿಸುವವನಿಗೆ ರಾಣಿಯೂ ಇಲ್ಲ, ಪ್ರಕಾಶಕನೂ ಇಲ್ಲ. ಊರವರು ವರ್ಗಣಿ ಎತ್ತಿ ಬಯಲಾಟ ಆಡಿಸುವಂತೆ ಅವನನ್ನು ಓದುಗರೇ ನಡೆಸಬೇಕು. 2012ರಲ್ಲಿ ಬರ್ಲ್ಯೂ ತಮ್ಮ ಹಳೆಯ ಸಂಪುಟಗಳ ಮರುಮುದ್ರಣಕ್ಕೆಂದು ಓದುಗರಲ್ಲಿ 57,750 ಡಾಲರ್ ಕೇಳಿದರು. ಸುಮಾರು 15 ಸಾವಿರ ಜನ ಸೇರಿ ಕೊಟ್ಟದ್ದು 12 ಲಕ್ಷ 50 ಸಾವಿರ ಡಾಲರಿಗೂ ಹೆಚ್ಚು. ಪುಕ್ಕಟೆ ಓದಲು ಸಿಗುವ ಕಥೆಗೆ ಜನ ಇಷ್ಟು ಕೊಟ್ಟರು. ಅದೇ ವರ್ಷ ಅವರ ಕೈಗೆ ಪೆಟ್ಟಾಗಿ ಕಂತುಗಳು ಕೆಲಕಾಲ ನಿಂತವು. ಓದುಗರು ಬಿಟ್ಟುಹೋಗಲಿಲ್ಲ, ಕಾದರು.

ಹಾಗೆಂದು ಎಲ್ಲರಿಗೂ ಹೀಗಾಗುತ್ತದೆ ಎಂದು ತಿಳಿಯಬಾರದು. ಅಂತರಜಾಲದಲ್ಲಿ ಆರಂಭವಾಗಿ ಅರ್ಧಕ್ಕೆ ನಿಂತ ಚಿತ್ರಕಥೆಗಳು ಲೆಕ್ಕವಿಲ್ಲದಷ್ಟಿವೆ. ಇದನ್ನೇ ನಂಬಿ ಓದು ಬಿಡುತ್ತೇನೆ ಎನ್ನುವ ವಿದ್ಯಾರ್ಥಿಗೆ ಬುದ್ಧಿ ಹೇಳುವುದು ಹಿರಿಯರ ಕರ್ತವ್ಯವೇ. ಎಲ್ಲ ಚಿತ್ರಕಥೆಗಳೂ ಮಕ್ಕಳಿಗೆಂದೇ ಬರೆದವೂ ಅಲ್ಲ. ಮೇಲೆ ಹೇಳಿದ ಕಥೆಯಲ್ಲಿಯೂ ಹೊಡೆದಾಟ, ರಕ್ತಪಾತ, ದೊಡ್ಡವರ ನಗೆಮಾತು ಇವೆ. ಅದು ಹೈಸ್ಕೂಲು ದಾಟಿದವರಿಗೆ ತಕ್ಕದ್ದು. ಚಿಕ್ಕ ಮಕ್ಕಳ ಕೈಗೆ ಕೊಡುವ ಮೊದಲು ಪಾಲಕರು ತಾವೇ ಹತ್ತು ಕಂತು ಓದಿ ನೋಡಬೇಕು. ಓದುವ ಹೊತ್ತಿಗೂ ಒಂದು ಮಿತಿ ಇರಬೇಕು. ದಿನಕ್ಕೆ ಅರ್ಧ ತಾಸು ಎಂದು ಗೊತ್ತುಮಾಡಿದರೆ ಕಥೆಯ ರುಚಿಯೂ ಕೆಡದು, ಪರೀಕ್ಷೆಯೂ ಕೆಡದು.

ಮಗ ಏನು ಓದುತ್ತಿದ್ದಾನೆ ಎಂದು ಗದರಿಸಿ ಕೇಳಿದರೆ ಮೊಬೈಲ್ ದಿಂಬಿನ ಕೆಳಗೆ ಹೋಗುತ್ತದೆ. ‘ಕಥೀ ಎಲ್ಲೀತನಕ ಬಂತಪ್ಪಾ?’ ಎಂದು ಕೇಳಿದರೆ ಅವನು ಕೂತು ಹೇಳುತ್ತಾನೆ. ನೂರಾರು ಕಂತುಗಳ ಕಥೆಯನ್ನು ಹತ್ತು ನಿಮಿಷದಲ್ಲಿ ಸಂಗ್ರಹಿಸಿ ಹೇಳುವುದು ಸಣ್ಣ ಅಭ್ಯಾಸವಲ್ಲ. ಕನ್ನಡ ಪತ್ರಿಕೆಯ ಸಾರಾಂಶ ಬರೆಯುವುದಕ್ಕೂ ಅದು ಉಪಯೋಗಕ್ಕೆ ಬರುತ್ತದೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಚಿತ್ರ ಬರೆಯಲು ಬರುವುದಿಲ್ಲ ಎಂಬ ನೆಪ ಇನ್ನು ನಡೆಯದು. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಕಂತಿಗೆ ಕಂತು ಜೋಡಿಸುವುದಕ್ಕೂ ಅಂಥದೇ ತಾಳ್ಮೆ ಬೇಕು. ಒಂದು ಹಾಳೆಯಲ್ಲಿ ನಾಲ್ಕು ಚೌಕ ಹಾಕಿ, ಊರಿನ ಒಂದು ಕಥೆಯನ್ನು ಕಡ್ಡಿ ಗೊಂಬೆಗಳಲ್ಲೇ ಬರೆದು ನೋಡಬಹುದು. ವಾರಕ್ಕೊಂದು ಹಾಳೆಯಂತೆ ಹತ್ತು ವಾರ ಬಿಡದೆ ಬರೆದವನಿಗೆ ಕಥೆ ಕಟ್ಟುವ ಕಷ್ಟವೂ ಸುಖವೂ ತಿಳಿಯುತ್ತವೆ.

ಬಾದಾಮಿಯಿಂದ ಪಟ್ಟದಕಲ್ಲಿಗೆ ಇಪ್ಪತ್ತೆರಡು ಕಿಲೋಮೀಟರ್. ಬರುವ ರಜೆಯಲ್ಲಿ ಪಾಲಕರು ಮಕ್ಕಳನ್ನು ಕರೆದೊಯ್ದು ಪಾಪನಾಥದ ಗೋಡೆಯ ಮುಂದೆ ನಿಲ್ಲಿಸಲಿ. ಯಾವ ಶಿಲ್ಪದ ನಂತರ ಯಾವುದು, ನಡುವೆ ಏನು ನಡೆಯಿತು ಎಂದು ಮಕ್ಕಳೇ ಹೇಳಲಿ, ದೊಡ್ಡವರು ಕೇಳಲಿ.