ಮಂಡಕ್ಕಿ, ಮೆಣಸಿನಕಾಯಿ ಮತ್ತು ಬೀದಿಯ ಹಕ್ಕು

ಅರವತ್ತು ದಾಟಿದವರು ಬೀದಿಯಲ್ಲಿ ನಿಂತು ತಿಂಡಿ ತಿನ್ನುವುದು ಶೋಭೆಯಲ್ಲ ಎಂಬುದು ನಮ್ಮ ಬಂಧುವರ್ಗದಲ್ಲಿ ಹಲವರ ಅಭಿಪ್ರಾಯ. ಅದು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬುದು ಈಗ ವೈದ್ಯರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯ. ಶೋಭೆಯ ಮಾತನ್ನು ನಾನು ಒಪ್ಪುವುದಿಲ್ಲ. ಆರೋಗ್ಯದ ಮಾತನ್ನು ಅರ್ಧ ಒಪ್ಪುತ್ತೇನೆ. ಆದರೆ ಈ ಎರಡೂ ಮಾತುಗಳಲ್ಲಿ ಗಾಡಿಯ ಆಚೆ ಬದಿಯಲ್ಲಿ ಬಾಣಲೆಯ ಮುಂದೆ ನಿಂತಿರುವವರ ಪ್ರಸ್ತಾಪವೇ ಬರುವುದಿಲ್ಲ. ಅವರ ಪರವಾಗಿ ಈ ಸಲ ನಾಲ್ಕು ಮಾತು ಬರೆಯಬೇಕೆನಿಸಿದೆ.

ಕಳೆದ ಚಳಿಗಾಲದಲ್ಲಿ ನಿವೃತ್ತ ಶಿಕ್ಷಕರಾದ ನಾವು ಮೂವರು ಗೆಳೆಯರು ಎರಡು ದಿನ ದಾವಣಗೆರೆಯನ್ನು ಸುತ್ತಿದೆವು. ಬೆಳಿಗ್ಗೆ ಬೆಣ್ಣೆದೋಸೆ, ಅದರ ಜೊತೆ ಖಾರವಿಲ್ಲದ ಆಲೂಗಡ್ಡೆ ಪಲ್ಯ ಮತ್ತು ಕಾಯಿಚಟ್ನಿ. ದೋಸೆಯ ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ಹಾಕಿ ರುಬ್ಬುತ್ತಾರೆಂಬುದನ್ನು ಕೇಳಿ, ಮೈಸೂರಿನಿಂದ ಬಂದಿದ್ದ ನಮ್ಮ ಗಣಿತದ ಮೇಷ್ಟ್ರು ಆಶ್ಚರ್ಯಪಟ್ಟರು. ಅವರಿಗೆ ಅದು ಕಡ್ಲೆಪುರಿ. ಧಾರವಾಡದ ಕಡೆ ಚುರುಮುರಿ, ಬಳ್ಳಾರಿಯ ಕಡೆ ಮಂಡಾಳು. ಒಂದೇ ಪದಾರ್ಥಕ್ಕೆ ನಮ್ಮ ನಾಡಿನಲ್ಲಿ ಇಷ್ಟೊಂದು ಹೆಸರುಗಳು! (ಕನ್ನಡ ಮೇಷ್ಟರ ಚಾಳಿ, ಕ್ಷಮಿಸಿ.) ಸಂಜೆ ರಾಂ ಅಂಡ್ ಕೋ ವೃತ್ತದ ಕಡೆ ಹೋದರೆ ಅಲ್ಲಿ ಅದೇ ಮಂಡಕ್ಕಿ ಬೇರೆ ರೂಪದಲ್ಲಿ ಕಾದಿತ್ತು. ಈರುಳ್ಳಿ, ಪುಟಾಣಿ ಪುಡಿ, ಖಾರ, ನಿಂಬೆರಸ ಬೆರೆಸಿ ಕಲಸಿದ್ದು ಒಂದು ಕಡೆ, ಒಗ್ಗರಣೆ ಹಾಕಿದ್ದು ಇನ್ನೊಂದು ಕಡೆ. ಯಾವುದನ್ನು ತೆಗೆದುಕೊಂಡರೂ ಪಕ್ಕಕ್ಕೆ ಆಗತಾನೆ ಎಣ್ಣೆಯಿಂದ ಎತ್ತಿದ ಮೆಣಸಿನಕಾಯಿ ಬಜ್ಜಿ.

“ಯಜಮಾನ್ರೇ, ಖಾರ ತಡೀತೀರಾ?” ಎಂದು ಗಾಡಿಯ ಹುಡುಗ ಕೇಳಿದ. ನಮ್ಮ ತಲೆಗೂದಲನ್ನು ನೋಡಿ ಕೇಳಿದ ಪ್ರಶ್ನೆ ಅದು. ಗಣಿತದ ಮೇಷ್ಟ್ರು ಮೂರು ಬಜ್ಜಿ ತಿಂದು ಉತ್ತರ ಕೊಟ್ಟರು. ಮೂವರೂ ಹೊಟ್ಟೆತುಂಬ ತಿಂದು ಕೊಟ್ಟ ಹಣ ಇನ್ನೂರು ರೂಪಾಯಿ ದಾಟಲಿಲ್ಲ.

ಈ ತಿಂಡಿಯ ಹಿಂದಿರುವ ದುಡಿಮೆಯನ್ನು ಸ್ವಲ್ಪ ಯೋಚಿಸಿ. ಭತ್ತವನ್ನು ನೆನೆಸಿ, ಕುಸುಬಲು ಮಾಡಿ, ಒಣಗಿಸಿ, ಹೊಟ್ಟು ತೆಗೆಸಿ, ಉಪ್ಪುನೀರು ಹಚ್ಚಿ, ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿಯಾಗುತ್ತದೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳದ್ದೇ ಒಂದು ಪ್ರದೇಶವಿದೆ. ಭಟ್ಟಿಯ ಬಿಸಿಯಲ್ಲಿ ನಿಲ್ಲುವವರಿಂದ ಹಿಡಿದು ಸಂಜೆ ಪೊಟ್ಟಣ ಕಟ್ಟುವವರವರೆಗೆ ಎಷ್ಟು ಕೈಗಳು! ಒಂದು ಕಾಲದಲ್ಲಿ ಹತ್ತಿಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಅದು. ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಕಡಿಮೆ ದುಡ್ಡಿನಲ್ಲಿ, ನಿಂತಲ್ಲೇ ಸಿಗುವ ಇಂಥ ತಿಂಡಿ ಎಷ್ಟು ಒದಗಿಬಂದಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಗಿರಣಿಗಳ ಕಾಲ ಮುಗಿಯಿತು; ಮಂಡಕ್ಕಿ ಉಳಿಯಿತು.

ಇನ್ನು ಶುಚಿತ್ವದ ಮಾತು. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ರೋಡಮಿನ್-ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣವನ್ನು ಮಕ್ಕಳ ಬಾಯಿಗೆ ಹಾಕುವುದನ್ನು ಯಾರೂ ಸಮರ್ಥಿಸಲಾರರು. ಆ ಕ್ರಮವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಆ ನಿಷೇಧ ಹೋಟೆಲುಗಳಿಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಹೋಟೆಲಿನ ಅಡುಗೆಮನೆಯನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಗಾಡಿಯವರ ಬಾಣಲೆ, ಎಣ್ಣೆ, ಕೈ, ಎಲ್ಲವೂ ನಮ್ಮ ಕಣ್ಣೆದುರಿಗೇ ಇರುತ್ತವೆ. ಅವರ ಕೊರತೆ ಬಹುಪಾಲು ನೀರಿನದು. ದೂರದ ನಲ್ಲಿಯಿಂದ ಎರಡು ಕೊಡ ಹೊತ್ತು ತಂದು ಇಡೀ ಸಂಜೆಯನ್ನು ಕಳೆಯುವವರಿಗೆ ಶುಚಿತ್ವದ ಪಾಠ ಹೇಳುವ ಮೊದಲು, ಒಂದು ನಲ್ಲಿ, ಒಂದು ಕಸದ ಡಬ್ಬಿ, ಒಂದು ದೀಪ ಕೊಡಬೇಕು. ಆಮೇಲೆ ಕಟ್ಟುನಿಟ್ಟಾಗಿ ತಪಾಸಣೆ ಮಾಡಲಿ, ದಂಡವನ್ನೂ ಹಾಕಲಿ.

ನಮ್ಮ ಶಾಲೆಯ ಗೇಟಿನ ಎದುರು ಬೇವಿನಮರದ ಕೆಳಗೆ ಗಾಡಿ ಇಟ್ಟುಕೊಂಡಿದ್ದ ಅಕ್ಕನನ್ನು ನೀವು ಯಾರೂ ಮರೆತಿರಲಾರಿರಿ. ಪರೀಕ್ಷೆಯ ಶುಲ್ಕದ ದಿನ ನಿಮ್ಮಲ್ಲಿ ಕೆಲವರಿಗೆ ಅವರೇ ಕೈಯಿಂದ ಹಣ ಕೊಟ್ಟದ್ದು ನನಗೆ ಗೊತ್ತು. ಎರಡು ವರ್ಷಗಳ ಹಿಂದೆ ರಸ್ತೆ ಅಗಲ ಮಾಡುವ ನೆಪದಲ್ಲಿ ಒಂದು ಮುಂಜಾನೆ ಅವರ ಗಾಡಿಯನ್ನು ಎತ್ತಿಕೊಂಡು ಹೋದರು. ಮುಂಚಿತವಾಗಿ ಒಂದು ಚೀಟಿಯೂ ಬಂದಿರಲಿಲ್ಲ. ಈಗ ಅವರು ಮದುವೆ ಛತ್ರವೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ಗಾಡಿಯಿದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ.

ಕಾನೂನು ಹೀಗೆ ಹೇಳುವುದಿಲ್ಲ. ಬೀದಿ ವ್ಯಾಪಾರವೂ ಸಂವಿಧಾನದ 19ನೇ ವಿಧಿಯಡಿ ಬರುವ ಹಕ್ಕು, ಆದರೆ ಅದಕ್ಕೆ ನ್ಯಾಯಸಮ್ಮತ ನಿರ್ಬಂಧಗಳಿರಬಹುದು ಎಂದು ಸರ್ವೋಚ್ಚ ನ್ಯಾಯಾಲಯವು ಸೋದನ್ ಸಿಂಗ್ ಪ್ರಕರಣದಲ್ಲಿ 1989ರಲ್ಲೇ ಹೇಳಿತು. 2014ರಲ್ಲಿ ಸಂಸತ್ತು ಬೀದಿ ವ್ಯಾಪಾರಿಗಳಿಗಾಗಿಯೇ ಒಂದು ಕಾಯಿದೆ ಮಾಡಿತು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸು ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಇಷ್ಟು ಒಳ್ಳೆಯ ಕಾಯಿದೆಯನ್ನು ಓದಿದವರು ಕಡಿಮೆ. ಅಕ್ಕನಿಗಂತೂ ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಪಾದಚಾರಿಗಳ ಗತಿಯೇನು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ; ಮೊಣಕಾಲು ನೋವಿನ ನನಗೂ ಸರಾಗವಾಗಿ ನಡೆಯುವ ಫುಟ್‌ಪಾತ್ ಬೇಕು. ಎಲ್ಲೆಂದರಲ್ಲಿ ಗಾಡಿ ನಿಲ್ಲಿಸಲು ಬಿಡಿ ಎಂದು ನಾನು ವಾದಿಸುತ್ತಿಲ್ಲ. ವ್ಯಾಪಾರದ ಸ್ಥಳ ಯಾವುದು, ನಡೆಯುವ ಸ್ಥಳ ಯಾವುದು ಎಂದು ಗೆರೆ ಹಾಕುವ ದಾರಿಯೂ ಆ ಕಾಯಿದೆಯಲ್ಲೇ ಇದೆ. ಆದರೆ ಫುಟ್‌ಪಾತಿನ ಮೇಲೆ ಕಾರು ಹತ್ತಿಸಿದವರನ್ನು ಸಹಿಸಿಕೊಂಡು ಗಾಡಿಯವರ ಮೇಲೆ ಮಾತ್ರ ದೂರು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಲ್ಲಿ ಕೆಲವರು ರಾತ್ರಿ ಅದೇ ಗಾಡಿಯ ಮುಂದೆ ತಟ್ಟೆ ಹಿಡಿದು ನಿಂತದ್ದನ್ನು ನಾನು ನೋಡಿದ್ದೇನೆ.

ನಿಮ್ಮಲ್ಲಿ ನಗರಸಭೆ, ಪಾಲಿಕೆಗಳಲ್ಲಿ ಕೆಲಸ ಮಾಡುವವರಿದ್ದೀರಿ, ವಕೀಲರಿದ್ದೀರಿ. ನಿಮ್ಮ ಊರಿನಲ್ಲಿ ಪಟ್ಟಣ ವ್ಯಾಪಾರ ಸಮಿತಿ ರಚನೆಯಾಗಿದೆಯೇ, ಅದು ಕೊನೆಯ ಸಲ ಸಭೆ ಸೇರಿದ್ದು ಯಾವಾಗ, ನೀವು ಸಂಜೆ ತಿನ್ನುವ ಗಾಡಿಯವರ ಹೆಸರು ಸಮೀಕ್ಷೆಯ ಪಟ್ಟಿಯಲ್ಲಿ ಇದೆಯೇ ಎಂದು ವಿಚಾರಿಸಿ ನನಗೆ ಬರೆಯಿರಿ. ನಮ್ಮೂರಿನ ವಿಷಯವನ್ನು ತಿಳಿಯಲು ನಾನೂ ಅರ್ಜಿ ಕೊಟ್ಟಿದ್ದೇನೆ. ಉತ್ತರ ಬಂದ ದಿನ ತಿಳಿಸುತ್ತೇನೆ.