ಅಘನಾಶಿನಿಯ ಅಳಿವೆಯಲ್ಲಿ ಒಂದು ಬೆಳಗು

ಶಿರಸಿಯ ಶಂಕರಹೊಂಡದಿಂದ ಹೊರಡುವ ಹಳ್ಳವೂ ಮಂಜುಗುಣಿಯ ಕಡೆಯಿಂದ ಬರುವ ಹೊಳೆಯೂ ಕೂಡಿ ಅಘನಾಶಿನಿಯಾಗಿ, ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಿನಲ್ಲಿ ಕಡಲು ಸೇರುವುದನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೆ ಆ ಕೂಡಲನ್ನು ನೀರಿನ ಮೇಲೆ ಕುಳಿತು ನೋಡಿದ್ದು ನಿವೃತ್ತನಾಗಿ ಏಳು ವರ್ಷ ಕಳೆದ ಮೇಲೆ.

ಬೆಂಗಳೂರಿನಿಂದ ಬಂದ ಮೂವರು ಹಳೆಯ ವಿದ್ಯಾರ್ಥಿಗಳು ಅಣಶಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗೋಣವೆಂದರು. ನಾನು ಅಘನಾಶಿನಿಯನ್ನೇ ಕೇಳಿದೆ. ಮೊದಲ ದಿನ ಉಂಚಳ್ಳಿಯ ಕಾಡಿನಲ್ಲಿ ನಡಿಗೆ. ಅತ್ತಲಿನ ಕಾಡುಗಳು 2011ರಲ್ಲಿ ಸಿಂಗಳೀಕಗಳಿಗಾಗಿ ಸಂರಕ್ಷಿತವಾದವು. ನಮಗೆ ಸಿಂಗಳೀಕ ಕಾಣಲಿಲ್ಲ, ಉಂಬಳ ಮಾತ್ರ ಒಂದು ಸಿಕ್ಕಿತು. ಮರುದಿನ ದೇವಿಮನೆ ಘಟ್ಟವಿಳಿದು ತದಡಿಯ ಸಮೀಪ ಕಯಾಕ್ ಎಂಬ ಆ ಸಪೂರ ದೋಣಿಯನ್ನು ಹತ್ತಿದೆವು.

ಹತ್ತುವ ಮೊದಲು ದೋಣಿಯ ಹುಡುಗ ಜೀವರಕ್ಷಕ ಜಾಕೀಟಿನ ಪಟ್ಟಿಯನ್ನು ತಾನೇ ಎಳೆದು ಬಿಗಿದು, "ಮಾಸ್ತರ್ರೇ, ಇಳಿತ ಶುರುವಾಗುವುದರೊಳಗೆ ತಿರುಗಬೇಕು" ಎಂದ. ಭರತದ ನೀರು ನಮ್ಮನ್ನು ಕಾಂಡ್ಲಾ ಗಿಡಗಳ ನಡುವೆ ತಾನಾಗಿಯೇ ಒಯ್ದಿತು. ಅದೇ ನೀರು ಇಳಿಯತೊಡಗಿದರೆ ಸಮುದ್ರದ ಕಡೆಗೆ ಸೆಳೆಯುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಸುಮಾರು 50 ನಿಮಿಷ ತಡ. ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿಸಿದವನು ನಾನು. ಅದರ ಮೇಲೆ ಜೀವ ನಿಂತಿದೆಯೆಂದು ನೀರಿನ ಮೇಲೆ ಕುಳಿತಾಗಲೇ ತಿಳಿಯಿತು. ಇಳಿತದಲ್ಲಿ ಬಳಚು ಆಯುವ ಹೆಂಗಸರಿಗೂ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೂ ಅದು ದಿನದ ಗಡಿಯಾರ. ಈ ಅಳಿವೆಯ 4801 ಹೆಕ್ಟೇರ್ 2024ರಲ್ಲಿ ರಾಮ್‌ಸರ್ ಪಟ್ಟಿ ಸೇರಿತೆಂದು ಓದಿದ್ದೆ. ಪಟ್ಟಿಗಿಂತ ಮೊದಲೇ ಅದನ್ನು ಬಲ್ಲವರು ಇವರು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. 1994ರಲ್ಲಿ ಒಂಬತ್ತನೆಯ ತರಗತಿಯನ್ನು ಕಡಲಿಗೆ ಕರೆದೊಯ್ದಿದ್ದೆ. ಊಟದ ಪೊಟ್ಟಣಗಳನ್ನು ಎಣಿಸುತ್ತಿದ್ದ ಹೊತ್ತಿನಲ್ಲಿ ಮೊಣಕಾಲು ನೀರಿನಲ್ಲಿದ್ದ ಹುಡುಗನೊಬ್ಬನನ್ನು ಅಲೆ ಎಳೆಯಿತು. ಬಲೆ ಒಣಗಿಸುತ್ತಿದ್ದ ಮೀನುಗಾರರೊಬ್ಬರು ಹಾರಿ ಎತ್ತಿ ತಂದರು. ಹುಡುಗ ಬದುಕಿದ. ಅಂದು ಭರತವಿತ್ತೋ ಇಳಿತವಿತ್ತೋ ನನಗೆ ಗೊತ್ತಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಆಮೇಲೆ ಇಪ್ಪತ್ತನಾಲ್ಕು ವರ್ಷ ನಾನು ಮಕ್ಕಳನ್ನು ನೀರಿನ ಹತ್ತಿರ ಒಯ್ಯಲಿಲ್ಲ. ಆ ನಂತರದ ತಂಡಗಳವರು ವರ್ಷವರ್ಷವೂ ಬನವಾಸಿಯನ್ನೇ ನೋಡಿದ್ದೇಕೆಂದು ನಗುತ್ತೀರಲ್ಲ, ಕಾರಣ ಇದು. ಅದನ್ನು ಎಚ್ಚರಿಕೆಯೆಂದು ಕರೆದುಕೊಂಡಿದ್ದೆ. ಈಗ ಅಂಜಿಕೆಯೆಂದೇ ಹೇಳುತ್ತೇನೆ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಡಲತೀರವನ್ನು ಕೆಲಕಾಲ ಮುಚ್ಚಿದರು. ಶಾಲಾ ಪ್ರವಾಸವನ್ನೇ ನಿಲ್ಲಿಸಿ ಎಂದು ನಮ್ಮ ಬಳಗದಲ್ಲೂ ಹಲವರು ಹೇಳಿದರು. ಮಕ್ಕಳನ್ನು ಕಳೆದುಕೊಂಡ ಮನೆಯವರು ಹಾಗೆಂದರೆ ನಾನು ಎದುರು ಮಾತನಾಡಲಾರೆ. ಉಳಿದವರಿಗೆ ಮಾತ್ರ ಕೇಳುತ್ತೇನೆ: ಶಾಲೆ ಒಯ್ಯದಿದ್ದರೆ ಹುಡುಗರು ಕಡಲಿಗೆ ಹೋಗುವುದಿಲ್ಲವೇ? ಹದಿನೆಂಟು ತುಂಬಿದೊಡನೆ ಬೈಕು ಹತ್ತಿ ಗೋಕರ್ಣಕ್ಕೆ ಹೋಗುತ್ತಾರೆ, ಸೆಳೆತವೆಂದರೇನು ಎಂಬುದನ್ನು ಅರಿಯದೆ. ಯಲ್ಲಾಪುರದ ನನ್ನ ತಂಗಿಯ ಮೊಮ್ಮಗನಿಗೆ ಈಜು ಬಾರದು, ಅವರ ತೋಟದ ಕೆಳಗೇ ಹೊಳೆಯಿದೆ.

ಒಬ್ಬ ಶಿಕ್ಷಕ ನಲವತ್ತು ಮಕ್ಕಳನ್ನು ನೀರಿಗೆ ಒಯ್ಯಕೂಡದು, ಇದರಲ್ಲಿ ರಾಜಿಯಿಲ್ಲ. ಹತ್ತು ಮಕ್ಕಳಿಗೆ ನೀರು ಬಲ್ಲ ಒಬ್ಬ ಸ್ಥಳೀಯರಿರಲಿ, ಅವರಿಗೆ ದಿನಗೂಲಿಯಲ್ಲ, ಶಿಕ್ಷಕರಿಗೆ ಸಲ್ಲುವ ಗೌರವಧನ ಸಲ್ಲಲಿ. ಹೊರಡುವ ಹಿಂದಿನ ದಿನವೇ ಭರತ-ಇಳಿತದ ವೇಳಾಪಟ್ಟಿಯನ್ನು ಮಕ್ಕಳೇ ಕರಿಹಲಗೆಯ ಮೇಲೆ ಬರೆಯಲಿ. ಜಾಕೀಟಿಲ್ಲದವರು ದಡದಲ್ಲೇ ಉಳಿಯಲಿ, ಮುಖ್ಯಾಧ್ಯಾಪಕರಾದರೂ ಸರಿಯೇ. ಖರ್ಚಾಗುತ್ತದೆ, ನಿಜ. ಹಾಗಾದರೆ ಮೂರು ದಿನ ಬಸ್ಸಿನಲ್ಲಿ ಹತ್ತು ಊರು ಸುತ್ತಿಸುವ ಬದಲು ಒಂದೇ ಹೊಳೆಯನ್ನು ತೋರಿಸೋಣ.

ನಿಮ್ಮಲ್ಲಿ ಎಂಟು ಮಂದಿ ಈಗ ಶಿಕ್ಷಕರಾಗಿದ್ದೀರಿ. ಬರುವ ಜನವರಿಯಲ್ಲಿ ಯಾರಾದರೂ ಹೊರಡುವುದಾದರೆ ತಿಳಿಸಿರಿ. ವೇಳಾಪಟ್ಟಿಯ ಪಾಠ ನಾನು ಮಾಡುತ್ತೇನೆ, ತದಡಿಯ ಆ ಹುಡುಗನಿಗೂ ಹೇಳಿಟ್ಟಿದ್ದೇನೆ.